ಹಳೆಯ ಹನ್ನೆರಡು ತಂತಿಯ ಗಿಟಾರ್: ಮರ ಎಲ್ಲಿ ಬಾಗಿದೆ?

ಹಳೆಯ ಹನ್ನೆರಡು ತಂತಿಯ ಗಿಟಾರ್ ಕೊಳ್ಳಲು ಹೋದವರು ಮೊದಲು ಅದನ್ನು ನುಡಿಸಿ ನೋಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಪರೀಕ್ಷೆಯಾಗಬೇಕು. ಜೋಡಿ ತಂತಿಗಳ ನಾದ ಕಿವಿಯನ್ನು ಎಷ್ಟು ತುಂಬಿಬಿಡುತ್ತದೆಂದರೆ, ವಾದ್ಯದ ಊನಗಳೆಲ್ಲ ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಆರು ಜೋಡಿಗಳಲ್ಲಿ ಮಂದ್ರದ ನಾಲ್ಕಕ್ಕೆ ಒಂದು ಸ್ಥಾಯಿ ಮೇಲಿನ ತೆಳು ತಂತಿಯ ಜೊತೆಯಿರುತ್ತದೆ, ಉಳಿದೆರಡರಲ್ಲಿ ತಂತಿಗಳೆರಡೂ ಒಂದೇ ಸ್ವರದವು. ಮಾಮೂಲಿ ಶ್ರುತಿಯಲ್ಲಿ ಇವೆಲ್ಲ ಸೇರಿ ಮರವನ್ನು ಎಳೆಯುವ ಬಲ ಸುಮಾರು 100 ಕಿಲೋ ತೂಕಕ್ಕೆ ಸಮ. ಆರು ತಂತಿಯದಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ದಶಕಗಳ ಕಾಲ ಅದನ್ನು ತಾಳಿಕೊಂಡ ಮರ ಎಲ್ಲಿ ಬಾಗಿದೆ ಎಂಬುದನ್ನೇ ನಾವು ಹುಡುಕಬೇಕಾದದ್ದು.

ನಾನು ಕೊಂಡದ್ದು ಮಂಗಳೂರಿನ ವೆಲೆನ್ಸಿಯಾದ ಒಂದು ಹಂಚಿನ ಮನೆಯಿಂದ, ರೋಸ್ ಸಮಾರಂಭಗಳಲ್ಲಿ (ಇಲ್ಲಿನ ಕ್ಯಾಥೊಲಿಕರು ಮದುವೆಗೆ ಮುಂಚೆ ನಡೆಸುವ ತೆಂಗಿನಹಾಲಿನ ಶಾಸ್ತ್ರ) ಹಾಡಿಗೆ ಜೊತೆಯಾಗುತ್ತಿದ್ದ ವಾದ್ಯವನ್ನು. ಒಳಗಿನ ಲೇಬಲನ್ನು ಹುಳ ತಿಂದಿತ್ತು. (ಯಮಹಾ ಗಿಟಾರಿನ ಲೇಬಲಿನಲ್ಲಿ ‘ನಿಪ್ಪಾನ್ ಗಕ್ಕಿ’ ಎಂದಿದ್ದರೆ, ಕಂಪನಿ ಹೆಸರು ಬದಲಿಸಿಕೊಂಡ 1987ಕ್ಕಿಂತ ಹಿಂದಿನದಿರಬಹುದೆಂದು ಊಹಿಸಬಹುದು, ಇಲ್ಲಿ ಆ ಸುಳಿವೂ ಇಲ್ಲ.) “ಮಳೆಗಾಲದಲ್ಲಿ ಶ್ರುತಿ ನಿಲ್ಲುವುದಿಲ್ಲ ಮಾರಾಯರೆ, ಮೊದಲೇ ಹೇಳಿಬಿಡುತ್ತೇನೆ” ಎಂದರು ಮನೆಯ ಹಿರಿಯರು. ಗಿಟಾರಿಗೆ ಹಿತವಾದ ತೇವಾಂಶ ಶೇಕಡ 45ರಿಂದ 55. ಜುಲೈಯ ಮಂಗಳೂರಿನಲ್ಲಿ ಅದು 80ನ್ನು ದಾಟಿಯೇ ಇರುತ್ತದೆ. ಮರ ಉಬ್ಬುತ್ತದೆ, ಹಳೆಯ ಅಂಟು ಸಡಿಲವಾಗುತ್ತದೆ.

ತಂತಿಗಳ ಬುಡವನ್ನು ಹಿಡಿದಿಡಲು ಮೇಲ್ಹಲಗೆಗೆ ಅಂಟಿಸಿದ ಮರದ ಪಟ್ಟಿ, ಅಂದರೆ ಬ್ರಿಜ್‌ನ ಹಿಂಬದಿಯ ಅಂಚಿನಲ್ಲಿ ಒಂದು ತೆಳು ಕಾಗದವನ್ನು ತೂರಿಸಿ ನೋಡಿದೆ. ಎಲ್ಲಿಯೂ ಒಳಹೋಗಲಿಲ್ಲ, ಅಂದರೆ ಅದು ಎದ್ದಿಲ್ಲ. ಅದರ ಹಿಂದೆ ಮೇಲ್ಹಲಗೆ ತುಸು ಉಬ್ಬಿದೆ, ಆದರೆ ಈ ಬಗೆಯ ಗಿಟಾರಿನಲ್ಲಿ ಅಷ್ಟು ಉಬ್ಬು ಸಹಜವೇ. ಏನೂ ಬಾಗದಷ್ಟು ದಪ್ಪ ಹಲಗೆಯ ಗಿಟಾರುಗಳ ನಾದ ನನಗೆ ಮೊಂಡಾಗಿ ಕೇಳುತ್ತದೆ. ಸಣ್ಣ ಕನ್ನಡಿ ಮತ್ತು ಮೊಬೈಲಿನ ಬೆಳಕಿನಲ್ಲಿ ಒಳಗಿನ ಆಧಾರಪಟ್ಟಿಗಳನ್ನು ನೋಡಿ, ಮೇಲಿನಿಂದ ಬೆರಳ ಗೆಣ್ಣಿನಲ್ಲಿ ತಟ್ಟುತ್ತಾ ಹೋದಾಗ ಒಂದು ಕಡೆ ಮಾತ್ರ ಸಣ್ಣ ಗಿರಗಿರ ಸದ್ದು ಬಂತು. ಅದು ಅಂಟಿನ ಕೆಲಸ, ಹೆದರುವಂಥದ್ದಲ್ಲ.

ಚಿಂತೆಗೆ ಕಾರಣವಾದದ್ದು ಕತ್ತಿನ ಕೋನ. ಉಕ್ಕಿನ ಉದ್ದ ಸ್ಕೇಲನ್ನು ಫ್ರೆಟ್‌ಗಳ (ಕತ್ತಿನ ಅಡ್ಡಕ್ಕಿರುವ ಲೋಹದ ಪಟ್ಟಿಗಳ) ಮೇಲೆ ಮಲಗಿಸಿದರೆ ಅದರ ತುದಿ ಬ್ರಿಜ್‌ನ ಮೇಲ್ಮೈಗೆ ಸರಿಯಾಗಿ ತಾಗಬೇಕು. ಇಲ್ಲಿ ಅದು ಬ್ರಿಜ್‌ನ ಎದುರು ಮುಖಕ್ಕೆ, ಮೇಲ್ಮೈಗಿಂತ ಕೆಳಗೆ, ಬಡಿಯಿತು. ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿ 4 ಮಿಲಿಮೀಟರ್ ಎತ್ತರದಲ್ಲಿದೆ, ಸುಮಾರು ಎರಡೂವರೆ ಇದ್ದರೆ ಬೆರಳಿಗೆ ಸುಖ. ಹಿಂದೆ ಯಾರೋ ತಂತಿಯನ್ನು ತಗ್ಗಿಸಲೆಂದೇ ಸ್ಯಾಡಲನ್ನು, ಅಂದರೆ ಬ್ರಿಜ್‌ನ ಮೇಲೆ ತಂತಿಗಳು ಒರಗುವ ಸಣ್ಣ ಪಟ್ಟಿಯನ್ನು, ಉಜ್ಜಿ ಉಜ್ಜಿ ತೆಳ್ಳನೆಯ ಗೆರೆಯಷ್ಟು ಉಳಿಸಿದ್ದಾರೆ. ಇನ್ನು ಉಜ್ಜಲು ಜಾಗವಿಲ್ಲ. ಕತ್ತಿನೊಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ತಿರುಗಿಸಿದರೂ ಇದು ಸರಿಯಾಗದು, ಏಕೆಂದರೆ ಅದು ಕತ್ತಿನ ಬಾಗನ್ನು ತಿದ್ದುತ್ತದೆಯೇ ಹೊರತು ಒಡಲಿಗೆ ಕತ್ತು ಕೂಡಿದ ಕೋನವನ್ನಲ್ಲ. ಕತ್ತನ್ನು ಕಳಚಿ ಮರಳಿ ಕೂರಿಸುವುದೊಂದೇ ಪೂರ್ಣ ಪರಿಹಾರ, ಮತ್ತು ಅದರ ಖರ್ಚು ನಾನು ಕೊಟ್ಟ ಬೆಲೆಯನ್ನೇ ಮೀರಬಹುದು. ಈ ಲೆಕ್ಕ ಹಾಕಿಯೇ ಚೌಕಾಸಿ ಮಾಡಿದ್ದೆ.

ಸದ್ಯಕ್ಕೆ ತೆಳು ತಂತಿ ಹಾಕಿ, ಎಲ್ಲವನ್ನೂ ಒಂದು ಪೂರ್ಣ ಸ್ವರ ಇಳಿಸಿ, ಅಂದರೆ ಇ ಬದಲು ಡಿಗೆ, ಶ್ರುತಿ ಮಾಡಿದ್ದೇನೆ. ಎಳೆತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಇಷ್ಟರಲ್ಲೇ ಶೇಕಡ 20ರಷ್ಟು ಭಾರ ಇಳಿಯುತ್ತದೆ. ಹಾಡಿಗೆ ಬೇಕಾದಾಗ ಎರಡನೆಯ ಫ್ರೆಟ್‌ನಲ್ಲಿ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಹಿಡಿಕೆ) ಹಾಕಿದರಾಯಿತು. ಜಿ ಜೋಡಿಯ ತೆಳು ತಂತಿ ಎಲ್ಲಕ್ಕಿಂತ ಬೇಗ ಹರಿಯುವಂಥದ್ದಾದ್ದರಿಂದ, ಅದನ್ನು ಬಿಡಿಯಾಗಿ ಕೆಲವು ತಂದಿಟ್ಟುಕೊಂಡಿದ್ದೇನೆ.