ಮಸೂದೆ ಚಾರ್ಟ್: ‘ಜಾರಿ’ ಕಾಲಂ ಸೇರಿಸಿದ ಮೇಲೆ

ಸಂಸತ್ತಿನ ಮಸೂದೆಗಳ ಚಾರ್ಟ್ ಅಂತೂ ಒಂದು ರೂಪಕ್ಕೆ ಬರ್ತಾ ಇದೆ. ಹೊಸದಾಗಿ ಓದುವವರಿಗೆ ಚುಟುಕಾಗಿ: ಒಂದೊಂದು ಮಸೂದೆಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು. ಮಂಡನೆ, ಲೋಕಸಭೆ, ರಾಜ್ಯಸಭೆ, ರಾಷ್ಟ್ರಪತಿಗಳ ಅಂಕಿತ, ಹೀಗೆ ತಾರೀಖಿಗೊಂದು ಕಾಲಂ. ಆ ತಾರೀಖುಗಳ ನಡುವಿನ ಅಂತರವನ್ನೇ ಬಣ್ಣದ ಪಟ್ಟಿಯಾಗಿ ಎಳೆದು, ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಹಾಕೋದು ಯೋಜನೆ. ಎಲ್ಲ ಮಸೂದೆಗಳೂ ಬೇಡ, ದಾರಿಯಲ್ಲಿ ಏನಾದರೂ ವಿಶೇಷ ನಡೆದಿರುವವು ಮಾತ್ರ.

ಸದನದೊಳಗಿನ ಭಾಗ ಸಲೀಸಾಗಿ ಮುಗಿಯಿತು. ಎರಡೂ ಸದನ ಒಟ್ಟಿಗೆ ಕೂರುವ ಜಂಟಿ ಅಧಿವೇಶನಕ್ಕೆಂದು ನೇರಳೆ ಬಣ್ಣ ಎತ್ತಿಟ್ಟಿದ್ದೆ, ಅದಕ್ಕೆ ಸಿಕ್ಕಿದ್ದು ಮೂರೇ ಸಾಲು: 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗದ ರದ್ದು, 2002ರ ಭಯೋತ್ಪಾದನೆ ತಡೆ ಮಸೂದೆ ಪೋಟಾ. ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸಂಸದರ ಮಸೂದೆಗಳು ಇನ್ನೂ ಬಡಪಾಯಿ. ಸ್ವಾತಂತ್ರ್ಯ ಬಂದಾಗಿನಿಂದ ಕಾನೂನಾಗಿರುವುದು 14, ಕೊನೆಯದು 1970ರಲ್ಲಿ.

ಅಂಕಿತದ ಕಾಲಂನಲ್ಲಿ ತಲೆಕೆಡಿಸಿದ್ದು 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆ. ಎರಡೂ ಸದನ ದಾಟಿ ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮೇಜಿಗೆ ಬಂತು. ಅವರು ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಸಂವಿಧಾನದ 111ನೇ ವಿಧಿಯಲ್ಲಿ ಇಂತಿಷ್ಟು ದಿನದೊಳಗೆ ಸಹಿ ಹಾಕಬೇಕು ಅಂತ ಎಲ್ಲೂ ಇಲ್ಲ, ನೋಡಿ. ಆ ಪಟ್ಟಿಯನ್ನು ಬಣ್ಣ ಮಾಸುತ್ತಾ ಹೋಗುವ ಹಾಗೆ ಎಳೆದಿದ್ದೇನೆ.

ಇಲ್ಲಿಗೆ ಚಾರ್ಟ್ ಮುಗೀತು ಅಂತ ಶಾಲೆಯ ಪೌರನೀತಿ ಪಾಠ ಹೇಳುತ್ತೆ. ಅಂಕಿತ ಬಿತ್ತು, ಕಾನೂನಾಯ್ತು, ಅಷ್ಟೇ ಅಲ್ವಾ? ಅಲ್ಲ. ಯಾವುದಾದರೂ ಕಾಯ್ದೆಯ ಮೊದಲ ಕಲಂ ತೆಗೆದು ನೋಡಿ. ಹೆಸರು ಇಂಥದ್ದು, ಇಂಥ ಪ್ರದೇಶಕ್ಕೆ ಅನ್ವಯ ಅಂತ ಆದಮೇಲೆ ಬಹಳಷ್ಟು ಕಾಯ್ದೆಗಳಲ್ಲಿ ಒಂದು ಸಾಲು ಇರುತ್ತೆ: ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆಯಲ್ಲಿ ಗೊತ್ತುಮಾಡಿದ ದಿನದಿಂದ ಜಾರಿ, ಬೇರೆ ಬೇರೆ ಕಲಂಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡಬಹುದು. ಇಂಥ ಸಾಲು ಇಲ್ಲದಿದ್ದರೆ 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಪ್ರಕಾರ ಅಂಕಿತ ಬಿದ್ದ ದಿನವೇ ಜಾರಿ. ಇದ್ದರೆ, ಕಾಯ್ದೆ ಯಾವತ್ತು ಜೀವ ತಾಳಬೇಕು ಅನ್ನೋದು ಮಾಡಿದವರ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿ. ಹಾಗಾಗಿ ‘ಜಾರಿ’ ಅಂತ ಹೊಸ ಕಾಲಂ ಬಂತು. ಈಗ ಇಡೀ ಚಾರ್ಟಿನಲ್ಲಿ ನನಗೆ ಇಷ್ಟ ಇದೇ.

ತಾರೀಖು ಹುಡುಕುವ ಜಾಗ ಭಾರತದ ಗೆಜೆಟ್. ಕಾಯ್ದೆ ಅಚ್ಚಾಗೋದು ಭಾಗ 2ರ ವಿಭಾಗ 1ರಲ್ಲಿ. ಜಾರಿಯ ಅಧಿಸೂಚನೆ ಸಾಮಾನ್ಯವಾಗಿ ಅದೇ ಭಾಗದ ವಿಭಾಗ 3, ಉಪವಿಭಾಗ 2ರಲ್ಲಿ. ಎಷ್ಟೋ ಸಲ ಒಂದೇ ಪ್ಯಾರಾ ಇರುತ್ತೆ, ಆದರೆ ಪೂರ್ತಿ ಓದಬೇಕು. ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯದ್ದೇ ನೋಡಿ. ಅಂಕಿತ 2023ರ ಡಿಸೆಂಬರ್ 25, ಜಾರಿ 2024ರ ಜುಲೈ 1. ಅಧಿಸೂಚನೆಯಲ್ಲಿ ಮಾತ್ರ ‘106ನೇ ಕಲಂನ 2ನೇ ಉಪಕಲಂ ಬಿಟ್ಟು’ ಅಂತ ಇದೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಸಾವಿಗೆ ಕಾರಣವಾಗಿ, ಪೊಲೀಸರಿಗೆ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಜೈಲು ಅನ್ನುವ ಉಪಕಲಂ ಅದು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಇದಕ್ಕೇ. ಪುಸ್ತಕದಲ್ಲಿ ಆ ಉಪಕಲಂ ಅಚ್ಚಾಗಿದೆ, ಆದರೆ ಜುಲೈ 1ಕ್ಕೆ ಜಾರಿಗೆ ಬರಲಿಲ್ಲ. ನನ್ನ ಚಾರ್ಟಿನಲ್ಲಿ ಈ ಸಾಲು ಎರಡಾಗಿ ಸೀಳಿದೆ.

ವೇತನ ಸಂಹಿತೆಗೆ ಅಂಕಿತ ಬಿದ್ದಿದ್ದು 2019ರ ಆಗಸ್ಟ್ 8. ಕೆಲವು ಕಲಂಗಳು 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದವು. ಪೂರ್ತಿ ಜಾರಿಗೆ 2025ರ ನವೆಂಬರ್ 21ರವರೆಗೆ ಕಾಯಬೇಕಾಯ್ತು.

ಅದಾದರೂ ಬಂತಲ್ಲ. ದೆಹಲಿ ಬಾಡಿಗೆ ಕಾಯ್ದೆ 1995ರ ಆಗಸ್ಟ್‌ನಲ್ಲೇ ಅಂಕಿತ ಪಡೆದು, ಜಾರಿಯ ತಾರೀಖು ಕಾಣದೆ ಹಾಗೇ ಕೂತಿದೆ. ಇದಕ್ಕಿಂತ ಹಳೆಯದು ಸಂವಿಧಾನದ 44ನೇ ತಿದ್ದುಪಡಿಯ 3ನೇ ಕಲಂ. ವಿಚಾರಣೆ ಇಲ್ಲದೆ ಮುಂಜಾಗ್ರತೆಯ ಬಂಧನದಲ್ಲಿ ಇಡುವಾಗ, ಸಲಹಾ ಮಂಡಳಿಯ ಅಭಿಪ್ರಾಯ ಇಲ್ಲದೆ ಇಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಕಲಂ ಅದು. ಸಂಸತ್ತು ಒಪ್ಪಿದ್ದು 1978ರಲ್ಲಿ. ಸರ್ಕಾರ ತಾರೀಖು ಕೊಡಲೇ ಇಲ್ಲ. ಎ.ಕೆ. ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾರಿ ಮಾಡಿ ಅಂತ ಸರ್ಕಾರಕ್ಕೆ ಆಜ್ಞೆ ಮಾಡಲು ಬರೋದಿಲ್ಲ ಎಂದು 1981ರ ಡಿಸೆಂಬರ್‌ನಲ್ಲಿ ಹೇಳಿತು. ಸಂವಿಧಾನದ ಅಧಿಕೃತ ಪ್ರತಿ ತೆರೆದರೆ 22ನೇ ವಿಧಿಯಲ್ಲಿ ಈಗಲೂ ಹಳೆಯ ಪಾಠವೇ ಇದೆ. ಹೊಸದು ಪುಟದ ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ.

ಜಾರಿಗೆ ಸ್ವಲ್ಪ ಸಮಯ ಬೇಕು, ಒಪ್ಪೋಣ. ಕಚೇರಿ ತೆರೆಯಬೇಕು, ಅಧಿಕಾರಿಗಳನ್ನು ನೇಮಿಸಬೇಕು, ಫಾರಂ ಮಾಡಬೇಕು. ಆದರೆ ದಶಕಗಟ್ಟಲೆ ಸುಮ್ನೆ ಇಟ್ಟರೆ ಅದು ತಯಾರಿ ಅಲ್ಲ, ರದ್ದು ಮಾಡದೆಯೇ ಮಾಡಿದ ರದ್ದು. ಮೊದಲ ಕಲಂನಲ್ಲೇ ‘ಇಷ್ಟು ವರ್ಷದೊಳಗೆ’ ಅಂತ ಒಂದು ಗಡುವು ಬರೆಯೋಕೆ ಸಂಸತ್ತಿಗೆ ಯಾರ ಅಡ್ಡಿಯೂ ಇಲ್ಲ. ಬರೆಯಬೇಕು ಅನ್ನೋದು ನನ್ನ ವಾದ.

ತದ್ವಿರುದ್ಧ ಸಾಲುಗಳೂ ಇವೆ. ಮೂರು ಕೃಷಿ ಕಾಯ್ದೆಗಳ ಪಟ್ಟಿ ಮಂಡನೆಗಿಂತ ಮೊದಲೇ ಶುರುವಾಗುತ್ತೆ! 2020ರ ಜೂನ್ 5ಕ್ಕೆ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಸಂಸತ್ತು, ಅದೇ ತಿಂಗಳು ಅಂಕಿತ. ಕಾಯ್ದೆಯಲ್ಲಿ ಮಾತ್ರ ಜೂನ್ 5ರಿಂದಲೇ ಜಾರಿಯಾಗಿದೆ ಎಂದು ಭಾವಿಸತಕ್ಕದ್ದು ಅಂತ ಬರೆದಿತ್ತು. 2021ರ ಜನವರಿ 12ಕ್ಕೆ ಸುಪ್ರೀಂ ಕೋರ್ಟ್ ತಡೆ, ನವೆಂಬರ್ ಕೊನೆಗೆ ರದ್ದು. ಎಡದಿಂದ ಬಲಕ್ಕೆ ಒಂದೇ ಕ್ರಮದಲ್ಲಿ ಬಣ್ಣ ತುಂಬುವ ಹಾಗೆ ಬರೆದಿದ್ದ ಫಾರ್ಮುಲಾ ಇಲ್ಲಿ ಕೈಕೊಟ್ಟಿತು. ಈ ಮೂರು ಸಾಲಿಗೆ ಕೈಯಲ್ಲೇ ಬಣ್ಣ ಹಾಕಿದೆ.

ಸದ್ಯ ಕೈಯಲ್ಲಿರೋದು ‘ನಿಯಮ’ ಕಾಲಂ. ಜಾರಿಗೆ ಬಂದ ಕಾಯ್ದೆಯೂ ನಿಯಮಗಳಿಲ್ಲದೆ ನಡೆಯದೇ ಇರಬಹುದು. ಪೌರತ್ವ ತಿದ್ದುಪಡಿ ಕಾಯ್ದೆ 2020ರ ಜನವರಿ 10ಕ್ಕೇ ಜಾರಿಯಾಗಿತ್ತು, ಅರ್ಜಿ ಹೇಗೆ ಹಾಕಬೇಕು ಅಂತ ಹೇಳುವ ನಿಯಮ ಬಂದಿದ್ದು 2024ರ ಮಾರ್ಚ್ 11ಕ್ಕೆ. ಆ ನಡುವಿನ ಕಾಲಕ್ಕೆ ಗೆರೆ ಗೆರೆಯ ತಿಳಿ ಹಸಿರು ಹಾಕಿದ್ದೇನೆ.

ಉಳಿದಿರೋ ಕೆಲಸ: ನಿಯಮಗಳನ್ನು ಸದನದ ಮುಂದೆ ಇಟ್ಟ ತಾರೀಖು ಹುಡುಕಬೇಕು, ಬಣ್ಣಗಳ ವಿವರ ಒಂದು ಮೂಲೆಗೆ ಸೇರಿಸಬೇಕು. 1978ರ 44ನೇ ತಿದ್ದುಪಡಿಯ ಉದ್ದದ ಸಾಲಿನಿಂದಾಗಿ ಅಳತೆ ಕುಗ್ಗಿ ಉಳಿದ ಪಟ್ಟಿಗಳು ಇರುವೆ ಗಾತ್ರ ಆಗಿಬಿಟ್ಟಿವೆ. ಅದನ್ನೂ ದೆಹಲಿ ಬಾಡಿಗೆ ಕಾಯ್ದೆಯನ್ನೂ ಪ್ರತ್ಯೇಕ ಹಾಳೆಗೆ ಹಾಕೋದೇ ವಾಸಿ ಅನ್ನಿಸ್ತಿದೆ.