ಮೂರನೆಯ ಸಾಲಿನ ಉಸಿರು

ಶಾಲೆಯಲ್ಲಿ ಭಾಮಿನಿ ಷಟ್ಪದಿಯ ಲಕ್ಷಣವನ್ನು ಬಾಯಿಪಾಠ ಮಾಡಿ, ಪದ್ಯಕ್ಕೆ ಪ್ರಸ್ತಾರ ಹಾಕಿ, ಗಣ ಬಿಡಿಸಿ ಅಂಕ ಪಡೆದವನು ನಾನು. ಆದರೆ ಅದೇ ಷಟ್ಪದಿಯಲ್ಲಿ ಭಾರತ ಬರೆದ ಕುಮಾರವ್ಯಾಸನನ್ನು, ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ, ಬಯಲಿನಲ್ಲಿ ಕುಳಿತು ಕಿವಿಯಾರೆ ಕೇಳಿದ್ದು ಕಳೆದ ಜನವರಿಯಲ್ಲಿ, ಶಿವಮೊಗ್ಗೆಯ ಪಕ್ಕದ ಹೊಸಹಳ್ಳಿಯಲ್ಲಿ, ಅದೇ ಮೊದಲು. ಎರಡು ದಿನಗಳ ಆ ಪ್ರವಾಸದ ಕುರಿತು ಬರೆಯಲು ಆ ಸಂಜೆಯೇ ಕಾರಣ.

ಶನಿವಾರ ಮಧ್ಯಾಹ್ನ ಮೈಸೂರಿನ ರೈಲಿನಿಂದ ಇಳಿದಾಗ ಕಾರ್ಯಕ್ರಮಕ್ಕೆ ಇನ್ನೂ ನಾಲ್ಕು ಗಂಟೆ ಉಳಿದಿತ್ತು. ಸೇಕ್ರೆಡ್ ಹಾರ್ಟ್ ಚರ್ಚಿನ ಎತ್ತರದ ಒಳಾಂಗಣದಲ್ಲಿ ಸ್ವಲ್ಪ ಹೊತ್ತು ಕುಳಿತು, ಗಾಂಧಿ ಬಜಾರಿನ ಜನಜಂಗುಳಿಯನ್ನು ದಾಟಿ, ಕೋಟೆ ಆಂಜನೇಯನಿಗೆ ಕೈಮುಗಿದು, ಶಿವಪ್ಪನಾಯಕನ ಹೆಸರಿನ ಅರಮನೆಗೆ ಬಂದೆ. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದ ಈ ದೊರೆ ಭೂಮಿಯ ಗುಣವನ್ನು ನೋಡಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಮಲೆನಾಡಿನ ನೆನಪಿನಲ್ಲಿ ಇಂದಿಗೂ ಇದೆ. ಮರದ ಕಂಬಗಳ ಆ ತಣ್ಣನೆಯ ಪಡಸಾಲೆ ಚೆಂದವೇ. ಆದರೂ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಹೊರಗಿನ ಹುಲ್ಲುಹಾಸಿನ ಮೇಲಿರುವ ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಜೋಗಕ್ಕೆ ಹೋಗುವ ಅವಸರದಲ್ಲಿ ಅರಮನೆಯ ಬಾಗಿಲಲ್ಲೇ ಒಂದು ಚಿತ್ರ ತೆಗೆದುಕೊಂಡು ಹೊರಡುವವರು ಈ ಕಲ್ಲುಗಳ ಮುಂದೆ ಅರ್ಧ ಗಂಟೆಯಾದರೂ ನಿಲ್ಲಬೇಕೆಂದು ನನಗೆ ಅನ್ನಿಸುತ್ತದೆ.

ಹೊಸಹಳ್ಳಿ ನಗರದಿಂದ ಸುಮಾರು 8 ಕಿಲೋಮೀಟರ್. ತುಂಗೆಯ ಒಂದು ದಡದಲ್ಲಿ ಸಂಸ್ಕೃತಕ್ಕೆ ಹೆಸರಾದ ಮತ್ತೂರು, ಇನ್ನೊಂದು ದಡದಲ್ಲಿ ಗಮಕಕ್ಕೆ ಹೆಸರಾದ ಈ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್. ಆರ್. ಕೇಶವಮೂರ್ತಿಯವರು ಇಲ್ಲಿಯವರೇ. ಹೊಳೆಗೆ ಹತ್ತಿರದ ಬಯಲಿನಲ್ಲಿ, ಅಡಿಕೆ ತೋಟದ ಅಂಚಿಗೆ ಒಂದು ತಗ್ಗಾದ ವೇದಿಕೆ, ಅದರ ಮುಂದೆ ಜಮಖಾನ, ಹಿಂದೆ ವಯಸ್ಸಾದವರಿಗೆಂದು ಕೆಲವು ಕುರ್ಚಿಗಳು. ವೇದಿಕೆಯ ಮೇಲೆ ಗಮಕಿ, ವ್ಯಾಖ್ಯಾನಕಾರರು, ಒಂದು ಶ್ರುತಿಪೆಟ್ಟಿಗೆ, ಮೃದಂಗವಿಲ್ಲ, ಪಿಟೀಲಿಲ್ಲ. ಗಮಕಕ್ಕೆ ತಾಳದ ಕಟ್ಟಿಲ್ಲ. ರಾಗ ಭಾವವನ್ನು ಹಿಡಿಯಬೇಕು, ಪದ ಒಡೆಯದೆ ಅರ್ಥ ಕೇಳುಗನಿಗೆ ತಲುಪಬೇಕು. ಆ ಸಂಜೆಯ ಭಾಗ ಉದ್ಯೋಗಪರ್ವದ ಕರ್ಣಭೇದನ: ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಕರೆದುಕೊಂಡು, ನೀನು ಕುಂತಿಯ ಮಗ ಎಂದು ತಿಳಿಸುವ ಸಂದರ್ಭ.

ಷಟ್ಪದಿಯ ಲೆಕ್ಕ ನನಗೆ ಗೊತ್ತಿತ್ತು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳು ಅದರ ಒಂದೂವರೆಯಷ್ಟು ಉದ್ದ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು ಇಪ್ಪತ್ತಮೂರು ಮಾತ್ರೆ. ಹಾಗೇಕೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗಮಕಿ ಎರಡು ಸಾಲುಗಳನ್ನು ಹತ್ತಿರ ಹತ್ತಿರ ಹೇಳಿ, ಒಂದು ಗಳಿಗೆ ತಡೆದು, ಮೂರನೆಯದನ್ನು ಒಂದೇ ಉಸಿರಿನಲ್ಲಿ ಎಳೆದು ಆ ಗುರುವಿನ ಮೇಲೆ ನಿಂತಾಗ, ಅಷ್ಟು ಹೊತ್ತು ಕೂಡಿಟ್ಟ ದುಃಖವೆಲ್ಲ ಅಲ್ಲಿಗೆ ಬಂದು ಸೇರಿತು. ತನ್ನ ಹುಟ್ಟನ್ನು ಕೇಳಿದ ಕರ್ಣನ ಕೊರಳ ಸೆರೆ ಉಬ್ಬಿ ಕಣ್ಣೀರು ನುಗ್ಗುವ ಪದ್ಯಕ್ಕೆ ಅವರು ಮುಖಾರಿ ರಾಗಕ್ಕೆ ಹೊರಳಿದರು. ಆ ಪದ್ಯ ಮುಗಿದ ಮೇಲೆ ಹೊಳೆಯ ಸದ್ದು ಮಾತ್ರ ಕೇಳುತ್ತಿತ್ತು. ವ್ಯಾಖ್ಯಾನ ವಿದ್ವತ್ಪೂರ್ಣವಾಗಿತ್ತು; ಆದರೆ ಆ ಒಂದು ಪದ್ಯದ ಬಳಿಕ ತುಸು ಮೌನವಿದ್ದಿದ್ದರೆ ಒಳ್ಳೆಯದಿತ್ತು.

ನನ್ನ ಪಕ್ಕದಲ್ಲಿ ಶಾಲು ಹೊದ್ದು ಕುಳಿತಿದ್ದ, ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಪ್ರತಿ ಪದ್ಯಕ್ಕೂ ತುಟಿಯಾಡಿಸುತ್ತಿದ್ದರು. ನಡುವೆ ಕಷಾಯ ಹಂಚಿದಾಗ ಕೇಳಿದೆ, “ಅಮ್ಮಾ, ನಿಮಗೆ ಇದೆಲ್ಲ ಬಾಯಿಗೆ ಬರುತ್ತಾ?”

“ಎಲ್ಲ ಎಲ್ಲಿಂದ ಬರಬೇಕು ತಮ್ಮಾ. ಅಡಿಕೆ ಸುಲಿಯೋ ಕಾಲದಲ್ಲಿ ನಮ್ಮನೆ ಅಂಗಳದಲ್ಲಿ ಹತ್ತಿಪ್ಪತ್ತು ಜನ ರಾತ್ರಿ ಮೆಟ್ಟುಗತ್ತಿ ಮುಂದೆ ಕೂರ್ತಿದ್ವಿ. ಯಾರೂ ತೂಕಡಿಸಬಾರದು ಅಂತ ಮಾವನವರು ಲಾಟೀನು ಇಟ್ಟುಕೊಂಡು ಭಾರತ ಓದೋರು.”

“ನೀವೂ ಓದುತ್ತಿದ್ದಿರಾ?”

“ಪುಸ್ತಕ ನಾನು ಮುಟ್ಟಿದ್ದೇ ಇಲ್ಲ. ಕಿವಿಗೆ ಬಿದ್ದದ್ದು ಅಷ್ಟೇ ಉಳೀತು. ಬೇರೆ ಕಥೆಗೆ ಕೈ ನಿಲ್ತಿರಲಿಲ್ಲ. ಈ ಕರ್ಣನ ಸಂಗತಿ ಬಂದ್ರೆ ಮಾತ್ರ ಅಷ್ಟು ಜನದ್ದೂ ಸುಲಿಯೋ ಸದ್ದು ನಿಂತುಹೋಗೋದು. ಮಾವನವರು ಕೆಲಸದ ವಿಷಯಕ್ಕೆ ಬಹಳ ಬಿಗಿ. ಆದ್ರೆ ಆವಾಗ ಒಂದು ಮಾತು ಗದರ್ತಿರಲಿಲ್ಲ.”

ಉದ್ದದ ಸಾಲಿನ ವಿಷಯವನ್ನು ಅವರಲ್ಲಿ ಹೇಳಿಕೊಂಡೆ. ಅವರು ಲೋಟವನ್ನು ಕೆಳಗಿಟ್ಟು, ಬಲಗೈಯನ್ನು ಮುಂದಕ್ಕೆ ಚಾಚಿ ನಿಧಾನವಾಗಿ ಎಳೆದು ತೋರಿಸಿದರು. “ಮೊದಲೆರಡು ಹಗುರಕ್ಕೆ ಬಿಡಬೇಕು. ಮೂರನೇದಕ್ಕೆ ಉಸಿರು ಇಟ್ಕೋಬೇಕು. ಇರೋ ಸಂಗತಿ ಎಲ್ಲ ಅಲ್ಲೇ ಇರೋದು. ಮಾವನವರಿಗೆ ದಮ್ಮು ಹತ್ತಿದ ವರ್ಷ ಓದೋದು ನಿಲ್ಲಿಸಿಬಿಟ್ರು, ಮೂರನೇ ಸಾಲು ತುಂಡಾಗತ್ತೆ ಅಂತ.” ಅಷ್ಟರಲ್ಲಿ ಗಮಕಿ ಮತ್ತೆ ಶ್ರುತಿ ಹಿಡಿದರು, ಅಜ್ಜಿ ಆ ಕಡೆಗೆ ತಿರುಗಿದರು.

ಕಾರ್ಯಕ್ರಮ ಮುಗಿದಾಗ ಒಂಬತ್ತೂವರೆ. ನನ್ನನ್ನು ಕರೆತಂದಿದ್ದ ಆಟೋದವರು ಹೋಗಿ ಬರುವ ಬಾಡಿಗೆಯನ್ನು ಮೊದಲೇ ಪಡೆದು, ಒಂಬತ್ತಕ್ಕೇ ಬಂದು ಕಾಯುವುದಾಗಿ ಹೇಳಿ ಹೋಗಿದ್ದರು. ಅವರು ಬರಲಿಲ್ಲ, ಅವರ ಫೋನೂ ಹತ್ತಲಿಲ್ಲ. ಇಬ್ಬನಿ ಸುರಿಯುವ ರಸ್ತೆಯಲ್ಲಿ ತೆಳ್ಳಗಿನ ಅಂಗಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆ. ಕೊನೆಗೆ ಜಮಖಾನಗಳನ್ನು ಹೇರಿಕೊಂಡು ಊರಿಗೆ ಹೊರಟ ಗಾಡಿಯವರು ಕರುಣೆಯಿಂದ ಹತ್ತಿಸಿಕೊಂಡರು. ಇಂಥ ಕಾರ್ಯಕ್ರಮಗಳಿಗೆ ಹೋಗುವವರು ಹಿಂದಿರುಗುವ ಬಾಡಿಗೆಯನ್ನು ಹಿಂದಿರುಗಿದ ಮೇಲೆಯೇ ಕೊಡಬೇಕು, ಕೊನೆಯ ಬಸ್ಸಿನ ಹೊತ್ತನ್ನು ಮೊದಲೇ ಊರಿನವರಲ್ಲಿ ವಿಚಾರಿಸಬೇಕು, ಪುಷ್ಯ ಮಾಸದಲ್ಲಾದರೆ ಒಂದು ಕಂಬಳಿಯನ್ನು ಖಂಡಿತವಾಗಿ ಒಯ್ಯಬೇಕು. ಆ ಚಳಿಯನ್ನು ನಾನು ಇನ್ನೂ ಮರೆತಿಲ್ಲ.

ಭಾನುವಾರ ಬೆಳಿಗ್ಗೆ ಕಡುಬು, ಕಾಯಿಚಟ್ನಿ ತಿಂದು, ನೆಹರೂ ರಸ್ತೆಯಲ್ಲಿ ಗದುಗಿನ ಭಾರತದ ಒಂದು ಪ್ರತಿಯನ್ನು ಕೊಂಡುಕೊಂಡು ಕೂಡಲಿಗೆ ಹೋದೆ. ತುಂಗೆ ಮತ್ತು ಭದ್ರೆ ಅಲ್ಲಿ ಸದ್ದಿಲ್ಲದೆ ಒಂದಾಗುತ್ತವೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ನೆನೆದು, ಸಂಗಮಕ್ಕಿಂತ ಮೇಲೆ ತುಂಗೆಯ ಕಡೆಗೆ ನಡೆದು ಒಂದು ಬೊಗಸೆ ನೀರನ್ನು ಕುಡಿದೆ. ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ. ಪುಸ್ತಕದಲ್ಲಿ ಕರ್ಣನ ಕಣ್ಣೀರಿನ ಆ ಪದ್ಯವನ್ನು ಹುಡುಕಿ ಗಟ್ಟಿಯಾಗಿ ಓದಿದೆ. ಮೂರನೆಯ ಸಾಲಿನ ನಡುವೆಯೇ ಉಸಿರು ಮುಗಿದುಹೋಯಿತು. ಅಜ್ಜಿ ಹೇಳಿದಂತೆ ಮೊದಲೆರಡು ಸಾಲುಗಳನ್ನು ಹಗುರಾಗಿ ಬಿಟ್ಟು, ಮತ್ತೆ ಮೊದಲಿನಿಂದ ಓದಿದೆ.