ಮೊಂಡು ದ್ರಾಕ್ಷಿ ತಿಮೊರಾಸೊ
ಬರೋಲೊ, ಕಿಯಾಂತಿ ಅಂದರೆ ವೈನ್ ಪ್ರಿಯರೆಲ್ಲ ತಲೆಯಾಡಿಸುತ್ತಾರೆ. ತಿಮೊರಾಸೊ ಅಂದರೆ? ಇಟಲಿಯ ಪಿಯೆಮೊಂತೆಯಲ್ಲಿ, ತೊರ್ತೊನಾ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಬಿಳಿ ದ್ರಾಕ್ಷಿ. ಇಳುವರಿ ನಂಬುವ ಹಾಗಿಲ್ಲ. ಹಾಗಾಗಿ ರೈತರು ಜಾಸ್ತಿ ಫಸಲು ಕೊಡುವ ಕೊರ್ತೇಸೆ ಎಂಬ ಇನ್ನೊಂದು ದ್ರಾಕ್ಷಿಯ ಕಡೆ ವಾಲಿದರು. ತಪ್ಪೇನಿಲ್ಲ ಬಿಡಿ, ಹೊಟ್ಟೆಪಾಡು. 1980ರ ದಶಕದಲ್ಲಿ ಮೊನ್ಲೆಯಾಲೆ ಊರಿನ ವೈನ್ ತಯಾರಕ ವಾಲ್ಟರ್ ಮಾಸ್ಸಾ ಮಾತ್ರ ತಿಮೊರಾಸೊವನ್ನೇ ಹಿಡಿದು ಕೂತರು. ಮೊಂಡು ಬಳ್ಳಿಗೆ ಅಷ್ಟೇ ಮೊಂಡು ಮನುಷ್ಯ ಸಿಕ್ಕಿದ್ದು ಅದೃಷ್ಟ ಅಲ್ವಾ? ಈಗ ಆ ವೈನ್ 'ದೆರ್ತೋನಾ' ಹೆಸರಲ್ಲಿ ಸಿಗುತ್ತದೆ. ಎಳೆಯದರಲ್ಲಿ ಹುಳಿ ಎದ್ದು ಕಾಣುತ್ತದೆ. ಕೆಲವು ವರ್ಷ ಬಾಟಲಿಯಲ್ಲಿ ಕಳೆದರೆ ಜೇನಿನ ಘಮ, ಜೊತೆಗೆ ರೀಸ್ಲಿಂಗ್ ಎಂಬ ಬಿಳಿ ವೈನ್‌ನಂತೆ ಸಣ್ಣಗೆ ಪೆಟ್ರೋಲ್ ವಾಸನೆ! ಮೂಗು ಮುರಿಯಬೇಡಿ, ಗಮ್ಮತ್ತು ಇರುವುದೇ ಅಲ್ಲಿ. ಬಿಳಿ ವೈನ್ ಇಟ್ಟರೆ ಕೆಟ್ಟುಹೋಗುತ್ತದೆ ಎನ್ನುವವರಿಗೆ ಸುಮ್ನೆ ಒಂದು ಗ್ಲಾಸ್ ಹಳೆಯ ದೆರ್ತೋನಾ ಕೊಟ್ಟು ನೋಡಬೇಕು.